ಸ್ವಯಂನಿರೋಧಕ ವ್ಯಾಧಿಯಲ್ಲಿ ರಕ್ಷಕ ಕಣಗಳ ವರ್ತನೆ: ರೋಗಿಗಳು ಮತ್ತು ಅವರ ರಕ್ತಸಂಬಂಧಿಗಳು

೧

ಲ್ಯಾಟಿನ್ ಭಾಷೆಯಲ್ಲಿ ‘ಮ್ಯೂನಸ್’ ಎಂದರೆ ರಾಜ್ಯಕ್ಕೆ ಸಲ್ಲಿಸತಕ್ಕ ಸೇವೆ ಅಥವಾ ತೆರಿಗೆ. ಅದರಿಂದ ಬಿಡುಗಡೆ ಪಡೆದವನು ‘ಇಮ್ಯೂನಿಸ್’. ನಮ್ಮ ಶಾಸನಗಳಲ್ಲಿ ದತ್ತಿಯ ಭೂಮಿಯನ್ನು ‘ಸರ್ವಮಾನ್ಯ’ವೆಂದೂ ‘ಸರ್ವಬಾಧಾಪರಿಹಾರ’ವೆಂದೂ ಹೇಳುವ ರೂಢಿಯನ್ನು ಈ ಪತ್ರಿಕೆಯ ವಾಚಕರು ಬಲ್ಲರು. ರೋಮನರ ಆ ಪದವೂ ಮೂಲತಃ ಇದೇ ಅರ್ಥವುಳ್ಳದ್ದು. ಹತ್ತೊಂಬತ್ತನೆಯ ಶತಮಾನದ ವೈದ್ಯರು ಅದನ್ನು ತಮ್ಮ ಶಾಸ್ತ್ರಕ್ಕೆ ತೆಗೆದುಕೊಂಡು, ಒಮ್ಮೆ ಸಿಡುಬು ಬಂದು ಬದುಕಿದವನಿಗೆ ಮತ್ತೆ ಆ ಬಾಧೆ ತಟ್ಟದೆಂಬ ಅರ್ಥದಲ್ಲಿ ರೂಢಿಗೆ ತಂದರು. ಈ ಬಿಡುಗಡೆಯನ್ನು ದೇಹಕ್ಕೆ ದೊರಕಿಸಿಕೊಡುವುವು ರಕ್ತದಲ್ಲಿರುವ ಬಿಳಿಯ ಕಣಗಳು. ಹೊರಗಿನಿಂದ ನುಗ್ಗಿದ ಕ್ರಿಮಿಯನ್ನು ಗುರುತಿಸುವುದು, ಅದನ್ನು ಕೊಲ್ಲುವುದು, ಅದರ ಚಹರೆಯನ್ನು ಮುಂದಕ್ಕೆ ನೆನಪಿಟ್ಟುಕೊಳ್ಳುವುದು, ಇವು ಅವುಗಳ ಕೆಲಸ.

ಕೆಲವು ವ್ಯಾಧಿಗಳಲ್ಲಿ ಈ ರಕ್ಷಕ ಕಣಗಳೇ ತಾವು ಕಾಯಬೇಕಾದ ಅಂಗವನ್ನು ಕೆಡಿಸುತ್ತವೆ. ಬೇಲಿಯೇ ಹೊಲವನ್ನು ಮೇಯುವುದೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಇವುಗಳಿಗೆ ‘ಆಟೋಇಮ್ಯೂನ್’ ವ್ಯಾಧಿಗಳೆಂದು ಹೆಸರು. ಕನ್ನಡದಲ್ಲಿ ‘ಸ್ವಯಂನಿರೋಧಕ’ ವ್ಯಾಧಿಗಳೆನ್ನಬಹುದು. ಇವುಗಳ ಪೈಕಿ ಮೊದಲನೆಯ ವರ್ಗದ ಮಧುಮೇಹವೊಂದನ್ನು ಮುಖ್ಯವಾಗಿ ಹಿಡಿದು, ರೋಗಿಯ ರಕ್ಷಕ ಕಣಗಳು ಹೇಗೆ ವರ್ತಿಸುತ್ತವೆ, ಅವನ ಒಡಹುಟ್ಟಿದವರ ಮತ್ತು ತಾಯಿತಂದೆಗಳ ಕಣಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ವಿಷಯವು ಕೇವಲ ಪ್ರಯೋಗಶಾಲೆಗೆ ಸಂಬಂಧಿಸಿದ್ದಲ್ಲ. ಮನೆಯಲ್ಲಿ ಒಂದು ಮಗುವಿಗೆ ಈ ರೋಗ ಬಂದೊಡನೆ ಎರಡು ಪ್ರಶ್ನೆಗಳು ಏಳುತ್ತವೆ. ಇದು ಯಾರ ಕಡೆಯಿಂದ ಬಂದಿತು? ಇದರ ತಮ್ಮನಿಗೂ ತಂಗಿಗೂ ಬರುವುದೇ? ಮೊದಲನೆಯ ಪ್ರಶ್ನೆಯ ಭಾರವು ಬಹುಸಂದರ್ಭಗಳಲ್ಲಿ ತಾಯಿಯ ತಲೆಯ ಮೇಲೆ ಬೀಳುತ್ತದೆ. ಪ್ರಶ್ನೆಯಾದರೋ ಹಳೆಯದು. ಸುಶ್ರುತ ಸಂಹಿತೆಯು ಪ್ರಮೇಹವನ್ನು ‘ಸಹಜ’ವೆಂದೂ ‘ಅಪಥ್ಯನಿಮಿತ್ತ’ವೆಂದೂ ಎರಡಾಗಿ ವಿಂಗಡಿಸಿ, ಮೊದಲನೆಯದು ಮಾತಾಪಿತೃಗಳ ಬೀಜದೋಷದಿಂದ ಬರುವುದೆಂದೂ ಅದರ ರೋಗಿ ಕೃಶನಾಗಿ ಬಾಯಾರಿಕೆಯಿಂದ ಬಳಲುವನೆಂದೂ ಹೇಳುತ್ತದೆ. ಆ ವಿಭಾಗವೂ ಇಂದಿನ ವಿಭಾಗವೂ ಒಂದೇ ಎನ್ನುವುದು ದುಡುಕಾದೀತು. ಆದರೆ ‘ಬೀಜದೋಷ’ವೆಂಬ ಮಾತಿನಲ್ಲಿ ಎಷ್ಟು ನಿಜವಿದೆ, ಎಷ್ಟು ಇಲ್ಲ ಎಂಬುದನ್ನು ಈಗ ಸ್ವಲ್ಪ ಖಚಿತವಾಗಿ ಹೇಳಬಹುದಾಗಿದೆ.

೨

ದೇಹವು ತನಗೆ ತಾನೇ ಹಗೆಯಾಗಬಲ್ಲದೆಂಬುದನ್ನು ವಿದ್ವಾಂಸರು ಬಹುಕಾಲ ಒಪ್ಪಲಿಲ್ಲ. ೧೯೦೧ರ ಸುಮಾರಿನಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಎಂಬ ಪಂಡಿತನು ಆಡುಗಳ ಮೇಲೆ ಪ್ರಯೋಗಮಾಡಿದನು. ಒಂದು ಆಡಿಗೆ ಇತರ ಆಡುಗಳ ರಕ್ತವನ್ನು ಚುಚ್ಚಿದಾಗ, ಆ ಪರರಕ್ತದ ಕಣಗಳನ್ನು ಒಡೆಯುವ ಪ್ರತಿಕಾಯವು ಅದರಲ್ಲಿ ಹುಟ್ಟಿತು. ತನ್ನ ಸ್ವಂತ ರಕ್ತಕಣಗಳನ್ನು ಒಡೆಯುವ ಪ್ರತಿಕಾಯ ಮಾತ್ರ ಹುಟ್ಟಲಿಲ್ಲ. ಪ್ರಕೃತಿಗೆ ಆತ್ಮವಿಷದ ವಿಷಯದಲ್ಲಿ ಒಂದು ಬಗೆಯ ಭೀತಿಯುಂಟೆಂದು ಅವನು ಇದನ್ನು ವರ್ಣಿಸಿದನು. ಅವನು ಹೇಳಿದ್ದು ಇಂತಹ ಹಾನಿಯನ್ನು ತಡೆಯುವ ಏರ್ಪಾಡು ದೇಹದಲ್ಲಿದೆಯೆಂದು. ಮುಂದಿನವರು ಅದನ್ನು ಇಂತಹ ಹಾನಿ ಅಸಂಭವವೆಂದೇ ಅರ್ಥಮಾಡಿಕೊಂಡರು. ೧೯೦೪ರಲ್ಲಿ ಡೊನಾಥ್ ಮತ್ತು ಲ್ಯಾಂಡ್‌ಸ್ಟೈನರ್ ಎಂಬವರು, ಚಳಿ ತಗುಲಿದ ಮೇಲೆ ಮೂತ್ರವು ಕೆಂಪಾಗುವ ಒಂದು ರೋಗದಲ್ಲಿ ರೋಗಿಯ ಸ್ವಂತ ಪ್ರತಿಕಾಯವೇ ಅವನ ಕೆಂಪು ಕಣಗಳನ್ನು ಒಡೆಯುವುದೆಂದು ತೋರಿಸಿದರು. ಆದರೂ ಅದನ್ನು ಒಂದು ಅಪವಾದವೆಂದು ಭಾವಿಸಲಾಯಿತು.

೧೯೫೬ರಲ್ಲಿ ಈ ನಂಬಿಕೆ ಸಡಿಲಿತು. ಆ ವರ್ಷ ಅಮೆರಿಕದ ಬಫೆಲೋ ನಗರದಲ್ಲಿ ರೋಸ್ ಮತ್ತು ವಿಟೆಬ್‌ಸ್ಕಿ ಎಂಬವರು ಮೊಲದ ಥೈರಾಯ್ಡ್ ಗ್ರಂಥಿಯ ಸಾರವನ್ನು ಮೊಲಗಳಿಗೇ ಚುಚ್ಚಿ, ಅವುಗಳ ಗ್ರಂಥಿಯು ಅವುಗಳ ಬಿಳಿಯ ಕಣಗಳಿಂದಲೇ ಹಾಳಾಗುವುದನ್ನು ಕಂಡರು. ಅದೇ ವರ್ಷ ಲಂಡನ್ನಿನಲ್ಲಿ ರಾಯಿಟ್, ಡೊನಿಯಾಕ್ ಮೊದಲಾದವರು ಹಾಷಿಮೋಟೋ ವ್ಯಾಧಿಯ ರೋಗಿಗಳ ರಕ್ತದಲ್ಲಿ ಅವರ ಥೈರಾಯ್ಡಿನ ಸಾರಕ್ಕೆ ವಿರುದ್ಧವಾದ ಪ್ರತಿಕಾಯವನ್ನು ಕಂಡುಹಿಡಿದರು. ೧೯೭೪ರಲ್ಲಿ ಬೊಟ್ಟಾಜೋ ಮತ್ತು ಡೊನಿಯಾಕರ ತಂಡವು ಕೆಲವು ಮಧುಮೇಹಿಗಳ ರಕ್ತದಲ್ಲಿ ಇಂತಹದೇ ಪ್ರತಿಕಾಯವನ್ನು ಕಂಡಿತು. ಅದು ಮೇದೋಜೀರಕಾಂಗದ ಕಿರುದ್ವೀಪಗಳಿಗೆ ವಿರುದ್ಧವಾದುದು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಂಬ ರಸವನ್ನು ತಯಾರಿಸುವ ಬೀಟಾ ಕಣಗಳು ಇರುವುದು ಈ ಕಿರುದ್ವೀಪಗಳಲ್ಲಿ. ಮೊದಲನೆಯ ವರ್ಗದ ಮಧುಮೇಹವೆಂದರೆ ಈ ಬೀಟಾ ಕಣಗಳು ಸ್ವಜನರಿಂದಲೇ ಹತವಾಗುವುದೆಂದು ಇದರಿಂದ ತಿಳಿಯಬಂದಿತು. ವಯಸ್ಕರಲ್ಲಿ ಸಾಧಾರಣವಾಗಿ ಕಾಣುವ ಎರಡನೆಯ ವರ್ಗದ ಮಧುಮೇಹದ ಕಾರಣ ಬೇರೆ. ಅದನ್ನು ಇಲ್ಲಿ ಪ್ರಸ್ತಾಪಿಸುವುದಿಲ್ಲ.

೩

ಹಾಗಾದರೆ ಆರೋಗ್ಯವಂತನಲ್ಲಿ ಈ ಅನಾಹುತವು ಏಕೆ ನಡೆಯುವುದಿಲ್ಲ? ಆಸ್ಟ್ರೇಲಿಯದ ಮ್ಯಾಕ್‌ಫಾರ್ಲೇನ್ ಬರ್ನೆಟ್ ೧೯೫೭ರಲ್ಲಿ ಮಂಡಿಸಿದ ಸಿದ್ಧಾಂತವು ಇದಕ್ಕೆ ಒಂದು ಉತ್ತರವನ್ನು ಕೊಟ್ಟಿತು. ಬಿಳಿಯ ಕಣಗಳಲ್ಲಿ ಒಂದೊಂದೂ ಒಂದೊಂದು ವಸ್ತುವನ್ನು ಮಾತ್ರ ಗುರುತಿಸುತ್ತದೆ. ಸ್ವಂತ ದೇಹವನ್ನು ಗುರುತಿಸಿ ಎರಗುವಂತಹವು ಎಳೆತನದಲ್ಲಿಯೇ ನಾಶವಾಗುತ್ತವೆ. ಹೀಗೆ ನಾಶವಾಗದೆ ತಪ್ಪಿಸಿಕೊಂಡ ‘ನಿಷಿದ್ಧ’ ಸಂತಾನವೇ ರೋಗಕ್ಕೆ ಮೂಲ, ಎಂದು ಅದರ ಸಾರಾಂಶ. ೧೯೬೧ರಲ್ಲಿ ಜಾಕ್ ಮಿಲ್ಲರ್ ಎಂಬವರು ಎದೆಯಲ್ಲಿರುವ ಥೈಮಸ್ ಗ್ರಂಥಿಯ ಮಹತ್ವವನ್ನು ಕಂಡುಹಿಡಿದರು. ಅಲ್ಲಿ ಬಲಿತು ಹೊರಬರುವ ಕಣಗಳಿಗೆ, ಆ ಗ್ರಂಥಿಯ ಹೆಸರಿನ ಮೊದಲಕ್ಷರದಿಂದ, ಟಿ ಕಣಗಳೆಂದು ಹೆಸರಾಯಿತು. ಸ್ವಜನಕ್ಕೆ ಎರಗುವ ಟಿ ಕಣಗಳಲ್ಲಿ ಬಹುಪಾಲು ಈ ಗ್ರಂಥಿಯಲ್ಲಿಯೇ ಕೊಲ್ಲಲ್ಪಡುತ್ತವೆಂಬುದು ಈಗ ಸಿದ್ಧವಾಗಿರುವ ವಿಷಯ.

ಆದರೆ ಬಹುಪಾಲು ಎಂದರೆ ಸಮಸ್ತವೂ ಅಲ್ಲ. ೨೦೦೪ರಲ್ಲಿ ಅಮೆರಿಕದ ಸಿಯಾಟಲ್ ನಗರದ ಸಂಶೋಧಕರು ಆರೋಗ್ಯವಂತರ ರಕ್ತವನ್ನೇ ಪರೀಕ್ಷಿಸಿ, ಅದರಲ್ಲಿಯೂ ಸ್ವಂತ ಅಂಗಗಳಿಗೆ ವಿರುದ್ಧವಾದ ಟಿ ಕಣಗಳಿರುವುದನ್ನು ತೋರಿಸಿದರು. ಎಂದಮೇಲೆ ‘ನಿಷಿದ್ಧ’ ಕಣಗಳು ನಮ್ಮೆಲ್ಲರಲ್ಲಿಯೂ ಇವೆ. ರೋಗಿಗೂ ನಿರೋಗಿಗೂ ಇರುವ ಭೇದವು ಅವುಗಳ ಇರವಿನಲ್ಲಿಲ್ಲ. ಅವುಗಳನ್ನು ಅಂಕೆಯಲ್ಲಿಡುವ ಬಲದಲ್ಲಿದೆ.

ಆ ಅಂಕೆ ಯಾವುದು? ೧೯೬೯ರಲ್ಲಿ ಜಪಾನಿನ ನಿಷಿಜುಕ ಮತ್ತು ಸಕಕುರ ಎಂಬವರು, ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ಸನ್ನು ತೆಗೆದುಹಾಕಿದರೆ ಅವುಗಳ ಅಂಡಾಶಯವು ಹಾಳಾಗುವುದನ್ನು ಕಂಡರು. ರಕ್ಷಕ ಕಣಗಳ ತವರನ್ನು ಕಿತ್ತರೆ ರೋಗ ಕಡಿಮೆಯಾಗಬೇಕಷ್ಟೆ. ಇಲ್ಲಿ ಅದಕ್ಕೆ ವಿರುದ್ಧವಾಗಿ ಸ್ವಂತ ಅಂಗವೇ ನಾಶವಾಯಿತು. ಈ ಒಗಟನ್ನು ಹಿಡಿದು ಹೊರಟ ಷಿಮೊನ್ ಸಕಗುಚಿಯವರು ೧೯೯೫ರಲ್ಲಿ ಅದರ ಉತ್ತರವನ್ನು ಪ್ರಕಟಿಸಿದರು. ಟಿ ಕಣಗಳಲ್ಲಿಯೇ ಒಂದು ಸಣ್ಣ ಪಂಗಡವುಂಟು. ಅದರ ಕೆಲಸವು ಹಗೆಯ ಮೇಲೆ ಎರಗುವುದಲ್ಲ, ಎರಗುವವರನ್ನು ತಡೆಯುವುದು. ಇವುಗಳನ್ನು ನಿಯಾಮಕ ಕಣಗಳೆನ್ನೋಣ. ಮೂರನೆಯ ದಿನ ಥೈಮಸ್ಸನ್ನು ತೆಗೆದಾಗ ಎರಗುವ ಕಣಗಳು ಕೆಲವು ಆಗಲೇ ಹೊರಬಿದ್ದಿದ್ದುವು. ತಡೆಯತಕ್ಕವು ಇನ್ನೂ ಸಾಕಷ್ಟು ಬಂದಿರಲಿಲ್ಲ. ೨೦೦೧ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಎಂಬವರು, ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುವ ಒಂದು ಜಾತಿಯ ಇಲಿಯಲ್ಲಿ ಕೆಟ್ಟಿರುವ ವಂಶವಾಹಿಯನ್ನು ಗುರುತಿಸಿ ಅದಕ್ಕೆ ‘ಫಾಕ್ಸ್‌ಪಿ೩’ ಎಂದು ಹೆಸರಿಟ್ಟರು. ನಿಯಾಮಕ ಕಣವನ್ನು ನಿಯಾಮಕವನ್ನಾಗಿ ಮಾಡುವುದು ಈ ವಂಶವಾಹಿಯೇ ಎಂಬುದು ಎರಡು ವರ್ಷಗಳಲ್ಲಿ ಸ್ಥಿರಪಟ್ಟಿತು. ಈ ಮೂವರಿಗೆ ೨೦೨೫ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಮನುಷ್ಯರಲ್ಲಿಯೂ ಅತಿ ವಿರಳವಾಗಿ ಈ ವಂಶವಾಹಿ ಕೆಟ್ಟಿರುವುದುಂಟು. ಅಂತಹ ಗಂಡುಮಕ್ಕಳಿಗೆ ಹಸುಗೂಸಾಗಿರುವಾಗಲೇ ಮಧುಮೇಹ, ತಡೆಯಿಲ್ಲದ ಭೇದಿ, ಚರ್ಮರೋಗಗಳು ಒಟ್ಟಿಗೆ ಬರುತ್ತವೆ. ದೋಷವಿರುವುದು ‘ಎಕ್ಸ್’ ಎಂಬ ವರ್ಣತಂತುವಿನಲ್ಲಿ. ಅದು ಮಗನಿಗೆ ತಾಯಿಯಿಂದ ಬರತಕ್ಕದ್ದು. ಆದರೆ ಆ ತಾಯಿ ಆರೋಗ್ಯವಾಗಿರುತ್ತಾಳೆ. ಇದು ಹೇಗೆ? ಸ್ತ್ರೀಯ ಪ್ರತಿಯೊಂದು ಕಣದಲ್ಲಿಯೂ ಎರಡು ಎಕ್ಸ್ ತಂತುಗಳಿದ್ದರೂ ಒಂದು ಮಾತ್ರ ಕೆಲಸಮಾಡುತ್ತದೆ. ಕೆಲವು ಕಣಗಳಲ್ಲಿ ಒಂದು, ಕೆಲವುಗಳಲ್ಲಿ ಇನ್ನೊಂದು. ೨೦೦೯ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇಂತಹ ತಾಯಂದಿರ ರಕ್ತವನ್ನು ಪರಿಶೀಲಿಸಿತು. ಇತರ ಕಣಗಳಲ್ಲಿ ಕೆಟ್ಟ ತಂತುವೂ ಒಳ್ಳೆಯ ತಂತುವೂ ಬೆರೆತು ಕೆಲಸಮಾಡುತ್ತಿದ್ದುವು. ನಿಯಾಮಕ ಕಣಗಳಲ್ಲಿ ಮಾತ್ರ ಒಳ್ಳೆಯ ತಂತುವುಳ್ಳವೇ ನೆಲೆನಿಂತಿದ್ದುವು. ರೋಗಿಯ ಹತ್ತಿರದ ಬಂಧುವಿನಲ್ಲಿ ದೋಷವೂ ಆರೋಗ್ಯವೂ ಒಟ್ಟಿಗಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

೪

ಈ ವಿರಳ ರೋಗದಲ್ಲಿ ಕೆಟ್ಟಿರುವುದು ಒಂದೇ ವಂಶವಾಹಿ. ಸಾಮಾನ್ಯವಾಗಿ ಕಾಣುವ ಮೊದಲನೆಯ ವರ್ಗದ ಮಧುಮೇಹದಲ್ಲಿ ಹಾಗಲ್ಲ. ಅನೇಕ ವಂಶವಾಹಿಗಳು ಒಂದೊಂದೂ ಸ್ವಲ್ಪಸ್ವಲ್ಪ ಪಾಲುಗೊಳ್ಳುತ್ತವೆ. ಆದುದರಿಂದ ಅದರ ರೋಗಿಗಳಲ್ಲಿ ಅಂಕೆಯು ಎಲ್ಲಿ ಸಡಿಲವಾಗಿದೆಯೆಂಬುದನ್ನು ಪ್ರತ್ಯೇಕವಾಗಿ ಹುಡುಕಬೇಕಾಯಿತು.

ಪರೀಕ್ಷೆಯ ಕ್ರಮವು ಸರಳವಾದುದು. ರಕ್ತದಿಂದ ಎರಗುವ ಕಣಗಳನ್ನೂ ನಿಯಾಮಕ ಕಣಗಳನ್ನೂ ಬೇರೆಮಾಡಿ, ಎರಗುವ ಕಣಗಳನ್ನು ಮಾತ್ರ ಒಂದು ಪಾತ್ರೆಯಲ್ಲಿ ಕೆರಳಿಸಿದರೆ ಅವು ಬೇಗಬೇಗನೆ ಮರಿಹಾಕುತ್ತವೆ. ನಿಯಾಮಕ ಕಣಗಳನ್ನು ಬೆರೆಸಿದರೆ ಈ ವೃದ್ಧಿಯು ತಗ್ಗುತ್ತದೆ. ಎಷ್ಟು ತಗ್ಗಿತೆಂಬುದೇ ನಿಯಾಮಕ ಕಣದ ಬಲಕ್ಕೆ ಅಳತೆ. ೨೦೦೪ರಲ್ಲಿ ಬಾಸ್ಟನ್ನಿನಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರವ್ಯಾಧಿಯ ರೋಗಿಗಳಲ್ಲಿಯೂ, ೨೦೦೫ರಲ್ಲಿ ಎರಡು ಬೇರೆಬೇರೆ ಪ್ರಯೋಗಶಾಲೆಗಳಲ್ಲಿ ಮಧುಮೇಹಿಗಳಲ್ಲಿಯೂ ಈ ಅಳತೆ ನಡೆಯಿತು. ರೋಗಿಗಳಲ್ಲಿ ನಿಯಾಮಕ ಕಣಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ. ಅವುಗಳ ತಡೆಯುವ ಬಲ ಕುಗ್ಗಿತ್ತು. ಊರಿನಲ್ಲಿ ತಳವಾರರು ಲೆಕ್ಕಕ್ಕೆ ಸರಿಯಾಗಿದ್ದರೂ ಅವರ ಮಾತು ನಡೆಯುತ್ತಿರಲಿಲ್ಲವೆಂದು ಇಟ್ಟುಕೊಳ್ಳಬಹುದು.

ಮಾತು ನಡೆಯದಿರುವುದಕ್ಕೆ ಎರಡು ಕಾರಣಗಳಿರಬಹುದು: ಹೇಳುವವನ ದನಿ ಕುಗ್ಗಿರಬಹುದು, ಅಥವಾ ಕೇಳುವವನು ಮೊಂಡನಾಗಿರಬಹುದು. ಇದನ್ನು ನಿರ್ಣಯಿಸಲು ಕಣಗಳನ್ನು ಅದಲುಬದಲು ಮಾಡಿದರು. ೨೦೦೮ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಧುಮೇಹಿಯ ಎರಗುವ ಕಣಗಳು ಆರೋಗ್ಯವಂತನ ನಿಯಾಮಕ ಕಣಗಳಿಗೂ ಸರಿಯಾಗಿ ಮಣಿಯಲಿಲ್ಲ. ಆದಕಾರಣ ಸಡಿಲವು ಒಂದೇ ಕಡೆ ಇರುವುದಲ್ಲ. ಕೆಲವರಲ್ಲಿ ನಿಯಾಮಕದ ದೌರ್ಬಲ್ಯ, ಕೆಲವರಲ್ಲಿ ಎರಗುವ ಕಣದ ಮೊಂಡುತನ, ಇನ್ನು ಕೆಲವರಲ್ಲಿ ಎರಡೂ ಎಂದು ತಿಳಿಯಬೇಕು.

ಇದಕ್ಕೆ ಮತ್ತೊಂದು ಸಾಕ್ಷ್ಯವುಂಟು. ೨೦೦೪ರಲ್ಲಿ ಲಂಡನ್ನಿನ ಸಂಶೋಧಕರು ಕಿರುದ್ವೀಪದ ವಸ್ತುಗಳನ್ನು ಗುರುತಿಸುವ ಟಿ ಕಣಗಳನ್ನು ಮಧುಮೇಹಿಗಳಲ್ಲಿಯೂ, ಅವರದೇ ಬಗೆಯ ವಂಶವಾಹಿಯುಳ್ಳ ಆರೋಗ್ಯವಂತರಲ್ಲಿಯೂ ಹುಡುಕಿದರು. ಎರಡೂ ಗುಂಪುಗಳಲ್ಲಿ ಅವು ದೊರೆತುವು. ಆದರೆ ರೋಗಿಗಳಲ್ಲಿ ಅವು ಉರಿಯನ್ನು ಹೆಚ್ಚಿಸುವ ದ್ರವ್ಯವನ್ನು ಸುರಿಸುತ್ತಿದ್ದುವು. ಆರೋಗ್ಯವಂತರಲ್ಲಿ ಬಹುಮಟ್ಟಿಗೆ ಉರಿಯನ್ನು ಆರಿಸುವ ದ್ರವ್ಯವನ್ನು ಸುರಿಸುತ್ತಿದ್ದುವು. ಕಣದ ಗುರಿ ಒಂದೇ. ಅದರ ಸ್ವಭಾವ ಮಾತ್ರ ಬೇರೆ.

೫

ಇನ್ನು ರಕ್ತಸಂಬಂಧಿಗಳ ವಿಷಯ. ಯೂರೋಪು ಮತ್ತು ಅಮೆರಿಕದಲ್ಲಿ ಸಂಗ್ರಹಿಸಿದ ಲೆಕ್ಕದಂತೆ, ಸಾಮಾನ್ಯ ಜನರಲ್ಲಿ ಸಾವಿರಕ್ಕೆ ಸುಮಾರು ನಾಲ್ವರಿಗೆ ಬರುವ ಈ ರೋಗವು, ರೋಗಿಯ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಬರುತ್ತದೆ. ತಂದೆಗೆ ರೋಗವಿದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಆರು. ತಾಯಿಗೆ ಇದ್ದರೆ ಎರಡರಿಂದ ನಾಲ್ಕು. ಎಂದರೆ ತಾಯಿಯ ಕಡೆಯಿಂದ ಬರುವ ಸಂಭವವೇ ಕಡಿಮೆ. ಹೊಸದಾಗಿ ರೋಗ ಬಂದವರಲ್ಲಿ ನೂರಕ್ಕೆ ಸುಮಾರು ಎಂಬತ್ತೈದು ಮಂದಿಗೆ ಇದೇ ರೋಗವಿರುವ ಹತ್ತಿರದ ಬಂಧುವೇ ಇರುವುದಿಲ್ಲ. ವಂಶವಾಹಿಗಳೆಲ್ಲವೂ ಸಮಾನವಾಗಿರುವ ಅವಳಿಗಳಲ್ಲಿ ಕೂಡ, ಒಬ್ಬನಿಗೆ ಬಂದರೆ ಇನ್ನೊಬ್ಬನಿಗೆ ಬಂದೇ ತೀರುವುದೆಂಬುದಿಲ್ಲ. ವರ್ಷಾನುಗಟ್ಟಲೆ ಕಾದು ನೋಡಿದಾಗಲೂ ಎಷ್ಟೋ ಮಂದಿ ಆರೋಗ್ಯವಾಗಿಯೇ ಉಳಿಯುತ್ತಾರೆ. ಬೀಜವು ಒಂದು ಕಾರಣ ಹೌದು, ಅದೊಂದೇ ಕಾರಣವಲ್ಲ.

ಬಂಧುಗಳು ಸಂಶೋಧಕರಿಗೆ ಮುಖ್ಯವಾದುದು ಇನ್ನೊಂದು ಕಾರಣದಿಂದ. ಮೊದಮೊದಲು ಈ ಮಧುಮೇಹವು ಥಟ್ಟನೆ ಬರುವ ರೋಗವೆಂದು ವೈದ್ಯರು ಭಾವಿಸಿದ್ದರು. ಚೆನ್ನಾಗಿದ್ದ ಮಗು ಕೆಲವು ವಾರಗಳಲ್ಲಿ ಬಡವಾಗಿ ಎಚ್ಚರದಪ್ಪುವುದನ್ನು ನೋಡಿದವರಿಗೆ ಹಾಗೆಯೇ ತೋರಬೇಕು. ಆದರೆ ರೋಗಿ ವೈದ್ಯನ ಬಳಿಗೆ ಬರುವುದು ಬೀಟಾ ಕಣಗಳಲ್ಲಿ ಹೆಚ್ಚಿನ ಭಾಗವು ಹಾಳಾದ ಮೇಲೆ. ಅದಕ್ಕೆ ಮೊದಲಿನ ಸ್ಥಿತಿಯನ್ನು ನೋಡಬೇಕಾದರೆ ಮುಂದೆ ಯಾರಿಗೆ ರೋಗ ಬರುವುದೆಂದು ತಿಳಿದಿರಬೇಕು. ಅಂತಹ ಸಂಭವವು ಹೆಚ್ಚಾಗಿರುವವರು ಬಂಧುಗಳೇ. ಲಂಡನ್ನಿನ ವೈದ್ಯರು ರೋಗಿಗಳ ಕುಟುಂಬದವರ ರಕ್ತವನ್ನು ಕಾಲಕಾಲಕ್ಕೆ ತೆಗೆದು ಕಾಪಾಡಿ, ೧೯೮೧ರಲ್ಲಿ ಫಲವನ್ನು ಪ್ರಕಟಿಸಿದರು. ಮುಂದೆ ರೋಗ ಬಂದ ಬಂಧುಗಳ ರಕ್ತದಲ್ಲಿ, ಅವರು ಆರೋಗ್ಯವಾಗಿಯೇ ಓಡಾಡಿಕೊಂಡಿದ್ದಾಗ, ಬಹುಕಾಲ ಮುಂಚಿತವಾಗಿ ಕಿರುದ್ವೀಪಕ್ಕೆ ವಿರುದ್ಧವಾದ ಪ್ರತಿಕಾಯವು ಕಾಣಿಸಿಕೊಂಡಿತ್ತು.

ಇಂದು ಇಂತಹ ನಾಲ್ಕು ಪ್ರತಿಕಾಯಗಳನ್ನು ಸಾಮಾನ್ಯವಾಗಿ ಪರೀಕ್ಷಿಸುತ್ತಾರೆ. ಕೊಲರಾಡೋ, ಫಿನ್ಲೆಂಡ್ ಮತ್ತು ಜರ್ಮನಿಯಲ್ಲಿ ಹುಟ್ಟಿನಿಂದ ಗಮನಿಸಲ್ಪಟ್ಟ ಮಕ್ಕಳ ಲೆಕ್ಕವು ೨೦೧೩ರಲ್ಲಿ ಹೊರಬಂದಿತು. ಎರಡು ಅಥವಾ ಹೆಚ್ಚು ಪ್ರತಿಕಾಯಗಳು ಕಾಣಿಸಿಕೊಂಡ ಮಕ್ಕಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ ಹತ್ತು ವರ್ಷಗಳೊಳಗಾಗಿ ಮಧುಮೇಹ ಬಂದಿತು. ಒಂದೇ ಪ್ರತಿಕಾಯ ಇದ್ದವರಲ್ಲಿ ನೂರಕ್ಕೆ ಸುಮಾರು ಹದಿನೈದು. ಒಂದೂ ಇಲ್ಲದವರಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದುದರಿಂದ ‘ಬಂಧು’ ಎಂಬ ಒಂದೇ ಮಾತಿನಲ್ಲಿ ಎಲ್ಲರನ್ನೂ ಸೇರಿಸುವುದು ತಪ್ಪು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನ ಅಂಕೆ ಗಟ್ಟಿಯಾಗಿರಬಹುದು, ಇನ್ನೊಬ್ಬನದು ಸಡಿಲವಾಗಿದ್ದರೂ ಹೇಗೋ ನಿಂತಿರಬಹುದು, ಮತ್ತೊಬ್ಬನದು ಆಗಲೇ ಮುರಿಯತೊಡಗಿರಬಹುದು. ಮೂವರೂ ಹೊರಗಿನಿಂದ ನೋಡುವವರಿಗೆ ಸಮನಾಗಿ ಆರೋಗ್ಯವಂತರೇ.

೬

ಮುಂಚಿತವಾಗಿ ತಿಳಿದು ಪ್ರಯೋಜನವೇನು? ತಡೆಯುವ ಉಪಾಯವಿಲ್ಲದಿದ್ದರೆ ತಿಳಿವಳಿಕೆಯೇ ಒಂದು ಸಂಕಟವಾಗುವುದೆಂಬ ಆಕ್ಷೇಪಣೆಯು ಬಹುಕಾಲ ಇತ್ತು. ಅದು ನ್ಯಾಯವಾದ ಆಕ್ಷೇಪಣೆಯೇ. ೨೦೧೯ರಲ್ಲಿ ಅದಕ್ಕೆ ಮೊದಲ ಸಮಾಧಾನವು ದೊರೆಯಿತು. ಟಿ ಕಣಗಳ ಮೇಲಣ ಒಂದು ಅಂಶಕ್ಕೆ ಅಂಟಿಕೊಂಡು ಅವುಗಳ ಉಗ್ರತೆಯನ್ನು ತಗ್ಗಿಸುವ ಟೆಪ್ಲಿಜುಮ್ಯಾಬ್ ಎಂಬ ಔಷಧವನ್ನು, ರೋಗಿಗಳ ಬಂಧುಗಳಾಗಿದ್ದು ಎರಡಾದರೂ ಪ್ರತಿಕಾಯಗಳುಳ್ಳ, ಸಕ್ಕರೆಯ ಹತೋಟಿ ಸ್ವಲ್ಪ ಕೆಟ್ಟಿದ್ದ ೭೬ ಮಂದಿಯಲ್ಲಿ ಪರೀಕ್ಷಿಸಿದರು. ೪೪ ಮಂದಿಗೆ ಹದಿನಾಲ್ಕು ದಿನ ಔಷಧ, ೩೨ ಮಂದಿಗೆ ಔಷಧವಿಲ್ಲದ ದ್ರವ. ಔಷಧವಿಲ್ಲದವರಲ್ಲಿ ಅರ್ಧದಷ್ಟು ಮಂದಿಗೆ ಸುಮಾರು ೨೪ ತಿಂಗಳೊಳಗೆ ಮಧುಮೇಹ ಬಂದಿತು; ಔಷಧ ಪಡೆದವರಲ್ಲಿ ಅದೇ ಪ್ರಮಾಣಕ್ಕೆ ಸುಮಾರು ೪೮ ತಿಂಗಳು ಹಿಡಿಯಿತು. ೨೦೨೨ರ ನವೆಂಬರಿನಲ್ಲಿ ಅಮೆರಿಕದ ಸರ್ಕಾರವು ಎಂಟು ವರ್ಷಕ್ಕೆ ಮೇಲ್ಪಟ್ಟ ಇಂತಹವರಿಗೆ ಇದರ ಬಳಕೆಯನ್ನು ಅನುಮತಿಸಿತು.

ಎರಡು ವರ್ಷದ ವಿಳಂಬವು ಅಲ್ಪವೆಂದು ತೋರಬಹುದು. ೧೯೨೨ರ ಜನವರಿಯಲ್ಲಿ ಟೊರಾಂಟೋ ನಗರದಲ್ಲಿ ಲೆನರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಇನ್ಸುಲಿನ್ ಕೊಡುವವರೆಗೆ ಈ ರೋಗವೆಂದರೆ ಮರಣವೇ ಆಗಿತ್ತು. ಅಂದಿನಿಂದ ಮರಣವು ದೂರವಾಯಿತು. ಆದರೆ ದಿನದಿನವೂ ಸೂಜಿ, ದಿನದಿನವೂ ಸಕ್ಕರೆಯ ಲೆಕ್ಕ. ಎಂಟು ವರ್ಷದ ಮಗುವಿಗೆ ಈ ಹೊರೆಯಿಲ್ಲದೆ ಎರಡು ವರ್ಷ ಆಡಿಕೊಂಡಿರುವುದು ಅಲ್ಪವೇ ಎಂಬುದನ್ನು ಅದರ ತಾಯಿಯನ್ನು ಕೇಳಬೇಕು. ಅದೂ ಅಲ್ಲದೆ, ರಕ್ಷಕ ಕಣಗಳ ಅಂಕೆಯನ್ನು ರೋಗ ಹೊರಬೀಳುವ ಮುನ್ನವೇ ಸರಿಪಡಿಸಲು ಸಾಧ್ಯವೆಂಬುದು ಮನುಷ್ಯರಲ್ಲಿ ಈ ಪರೀಕ್ಷೆಯಿಂದ ರುಜುವಾತಾಯಿತು.

ಆರಂಭದಲ್ಲಿ ಎತ್ತಿದ ಎರಡು ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು. ಯಾರ ಕಡೆಯಿಂದ ಬಂದಿತು? ವಂಶದಿಂದ ಬರುವುದು ರೋಗವಲ್ಲ, ಅಂಕೆಯ ಸಡಿಲ. ಅದೂ ತಾಯಿತಂದೆಗಳಿಬ್ಬರ ಕಡೆಯಿಂದಲೂ, ಅನೇಕ ತುಣುಕುಗಳಾಗಿ, ಅವರಾರಿಗೂ ತಿಳಿಯದಂತೆ ಬರುತ್ತದೆ. ಇದರಲ್ಲಿ ಒಬ್ಬರನ್ನು ದೂಷಿಸುವುದಕ್ಕೆ ಆಧಾರವಿಲ್ಲ. ತಮ್ಮನಿಗೂ ಬರುವುದೇ? ನೂರರಲ್ಲಿ ತೊಂಬತ್ತನಾಲ್ಕು ಪಾಲು ಬರುವುದಿಲ್ಲ. ಸಂದೇಹವಿದ್ದರೆ ರಕ್ತಪರೀಕ್ಷೆಯಿಂದ ಅವನ ಸ್ಥಿತಿಯನ್ನು ಬೇರೆಯಾಗಿ ತಿಳಿಯಬಹುದು.

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಉಪಾಧ್ಯಾಯರಾದುದರಿಂದ ಕಡೆಯದಾಗಿ ಒಂದು ಮಾತನ್ನು ಸೇರಿಸುತ್ತೇನೆ. ಹತ್ತಿರದ ಬಂಧುಗಳಲ್ಲಿ ರೋಗವಿಲ್ಲದ ಮಕ್ಕಳಿಗೇ ಇದು ಹೆಚ್ಚಾಗಿ ಬರುವುದರಿಂದ, ಮನೆಯವರಿಗೆ ಇದರ ಗುರುತು ಹತ್ತುವುದು ತಡವಾಗುತ್ತದೆ. ತರಗತಿಯಲ್ಲಿ ಒಬ್ಬ ಹುಡುಗನು ಪದೇಪದೇ ನೀರು ಕುಡಿಯಲು ಎದ್ದುಹೋಗುತ್ತಿದ್ದರೆ, ಪದೇಪದೇ ಮೂತ್ರಕ್ಕೆ ಹೊರಡುತ್ತಿದ್ದರೆ, ಊಟ ಸರಿಯಾಗಿದ್ದೂ ಕೆಲವು ವಾರಗಳಲ್ಲಿ ಬಡವಾಗಿದ್ದರೆ, ಅದನ್ನು ಪಾಠದಲ್ಲಿನ ಅಶ್ರದ್ಧೆಯೆಂದು ಎಣಿಸಿ ಗದರಿಸದೆ, ಅದೇ ದಿನ ತಾಯಿತಂದೆಗಳಿಗೆ ತಿಳಿಸಿ ವೈದ್ಯರ ಬಳಿಗೆ ಕಳುಹಿಸಬೇಕು. ಒಂದು ತೊಟ್ಟು ರಕ್ತದಲ್ಲಿ ಸಕ್ಕರೆಯನ್ನು ಅಳೆಯುವ ಸಾಧನವು ಈಗ ಸಣ್ಣ ಊರುಗಳಲ್ಲಿಯೂ ದೊರೆಯುತ್ತದೆ. ಆ ಅಳತೆಗೆ ಹಿಡಿಯುವುದು ಒಂದು ನಿಮಿಷ. ಅದನ್ನು ಮಾಡದೆ ಬಿಟ್ಟರೆ ಮಗು ಕೆಲವೇ ದಿನಗಳಲ್ಲಿ ಎಚ್ಚರದಪ್ಪಿ ಪ್ರಾಣಾಪಾಯಕ್ಕೆ ಗುರಿಯಾಗಬಹುದು.